ಆನಂದಬಾಷ್ಪ ಎಂದು ಅಚ್ಚಾದ ಅಳು

ಬಸ್ಸಿನ ಕೆಲಸದಿಂದ ನಿವೃತ್ತಳಾದ ಮೇಲೆ ಸೀಟಿಯಕ್ಕನಿಗೆ ಸುಮ್ಮನೆ ಕೂರುವುದು ಒಗ್ಗಲಿಲ್ಲ. ಕಂಡಕ್ಟರಾಗಿ ಅರ್ಧ ಆಯುಷ್ಯವನ್ನು ನಿಂತೇ ಕಳೆದವಳು. ಕೂತರೆ ಕಾಲು ಜೋಮು ಹಿಡಿಯುತ್ತದೆ ಎನ್ನುತ್ತಿದ್ದಳು. ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯನ್ನು ಡಿಪೋಗೆ ಒಪ್ಪಿಸಿ ಬಂದರೂ ಹೆಸರು ಅವಳ ಹಿಂದೆಯೇ ಬಂತು. ಬರಲೇಬೇಕು. ತುಂಬಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಅವಳು "ಒಳಗೆ ನಡೀರಿ, ಬಾಗ್ಲಲ್ಲೇ ಬೇರು ಬಿಟ್ಟಿದ್ದೀರೇನು?" ಎಂದರೆ ಮುಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವನೂ ಎದ್ದು ನಿಲ್ಲುತ್ತಿದ್ದ.

ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಲಕ್ವ ಹೊಡೆದು ಬಹಳ ಕಾಲ ಹಾಸಿಗೆ ಹಿಡಿದು ತೀರಿಕೊಂಡಿದ್ದ. ಆಗೆಲ್ಲ ಒಂದು ಸೋಪು ತರಲು ಬೀದಿಗೆ ಇಳಿಯಬೇಕೆಂದರೂ ಅತ್ತೆ ಸೊಸೆ ಸರದಿ ಹಾಕಿಕೊಳ್ಳಬೇಕಿತ್ತು. ಬಂಧುಬಳಗ ಬಂದು "ಧೈರ್ಯವಾಗಿರಿ" ಎಂದು ಹೇಳಿ, ಕೊಟ್ಟ ಟೀ ಕುಡಿದು ಹೋಗುತ್ತಿತ್ತು. "ಧೈರ್ಯ ಇದೆ ಕಣ್ರೀ, ಸೋಪಿಲ್ಲ" ಎಂದು ಅತ್ತೆ ಒಮ್ಮೆ ಮುಖಕ್ಕೆ ಹೊಡೆದಂತೆ ಹೇಳಿದ ಮೇಲೆ ಅದೂ ನಿಂತಿತು.

ಹಾಗಾಗಿ, ಹಾಸಿಗೆ ಹಿಡಿದವರ ಮನೆಗೆ ಹೋಗಿ, ಒಂದು ಮಧ್ಯಾಹ್ನ ಅವರ ಜೊತೆ ಕೂತು, ಅವರನ್ನು ನೋಡಿಕೊಳ್ಳುವವರಿಗೆ ಹೊರಗಿನ ಗಾಳಿ ಕುಡಿಸುವ ಸಂಘವೊಂದು ಇದೆ ಎಂದು ತಿಳಿದಾಗ ಸೀಟಿಯಕ್ಕ ಎರಡನೆಯ ಮಾತಿಲ್ಲದೆ ಸೇರಿಕೊಂಡಳು. "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಅತ್ತೆ ಗೊಣಗಿದಳು. ಗೊಣಗುತ್ತಲೇ ಸೊಸೆಯ ಚೀಲಕ್ಕೆ ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ ತುಂಬಿದಳು.

ಸಂಘದ ಕಚೇರಿಯ ಬಗ್ಗೆ ಒಂದಿಷ್ಟು ಹೇಳಲೇಬೇಕು. ಅಧ್ಯಕ್ಷರು ಟೈಲ್ಸ್ ವ್ಯಾಪಾರಿ. ಅಂಗಡಿಯಲ್ಲಿ ಯಾರಿಗೂ ಬೇಡವಾಗಿ ಉಳಿದ ಟೈಲ್ಸನ್ನೆಲ್ಲ ಅವರು ಸಂಘಕ್ಕೆ ದಾನ ಮಾಡಿದ್ದರಿಂದ ಕಚೇರಿಯ ನೆಲದಲ್ಲಿ ಒಂದು ಚೌಕದಂತೆ ಇನ್ನೊಂದಿರಲಿಲ್ಲ. ದಾನಿಯ ಹೆಸರು ಕೊರೆದ ಕಲ್ಲು ಮಾತ್ರ ಒಂದೇ ತುಂಡಿನದು, ಕನ್ನಡಿಯಂತೆ ನುಣುಪು. ಒಳಗೆ ಅಧ್ಯಕ್ಷರಿಗೆ ಏಸಿ ಹಾಕಿಸಿದ ಗಾಜಿನ ಕೋಣೆ. ಹೊರಗೆ ಕಾರಿಡಾರಿನಲ್ಲಿ ಸ್ವಯಂಸೇವಕರಿಗೆ ಒಂದು ಬೆಂಚು. ಅದರ ಒಂದು ಕಾಲು ಗಿಡ್ಡ. ಬೆಂಚಿನ ಮೇಲ್ಗಡೆ ಕಟ್ಟು ಹಾಕಿಸಿ ತೂಗುಬಿಟ್ಟ ಬರಹ: "ಸ್ವಯಂಸೇವಕರೇ ನಮ್ಮ ಸಂಘದ ಬೆನ್ನೆಲುಬು." ರೋಗಿಗಳನ್ನು ಎತ್ತಿ ಕೂರಿಸಿ, ಮಗ್ಗುಲು ಬದಲಿಸಿ ಬಂದ ಬೆನ್ನೆಲುಬುಗಳು ಆ ಬರಹದ ಕೆಳಗೆ ಸಾಲಾಗಿ ಕೂತು ಸೊಂಟ ನೀವಿಕೊಳ್ಳುತ್ತಿದ್ದವು. ಶೌಚಾಲಯದ ಬೀಗದ ಕೈ ಅಧ್ಯಕ್ಷರ ಮೇಜಿನ ಡ್ರಾಯರಿನಲ್ಲಿ. ಅಧ್ಯಕ್ಷರು ಬರುವುದು ಸಂಜೆಗೆ. ಸೇವಾಮನೋಭಾವ ಇದ್ದವರಿಗೆ ಅಂಥ ಅವಸರಗಳು ಬರಬಾರದು ಎಂದಿರಬೇಕು.

ಸೀಟಿಯಕ್ಕನ ಪಾಲಿಗೆ ಬಂದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ನಾಲಿಗೆ ಪೂರ್ತಿ ಸ್ವಾಧೀನದಲ್ಲಿತ್ತು. ಮೊದಲ ದಿನವೇ, "ನಿಮ್ಮ ದನಿಗೆ ಸತ್ತವ್ರೂ ಎದ್ದು ಕೂರ್ತಾರೆ. ನಾನಿನ್ನೂ ಬದುಕಿದ್ದೀನಿ, ಸ್ವಲ್ಪ ಮೆಲ್ಲಗೆ," ಎಂದರು.

"ಎದ್ದು ಕೂತ್ರೆ ಒಳ್ಳೇದೇ ಅಲ್ವಾ ಮೇಷ್ಟ್ರೇ? ನಂಗೆ ಎತ್ತೋ ಕೆಲ್ಸ ಉಳೀತು," ಎಂದಳು ಇವಳು. ಅಲ್ಲಿಂದ ಇಬ್ಬರಿಗೂ ಹೊಂದಿಕೆಯಾಯಿತು.

ಪ್ರತಿ ಮಂಗಳವಾರ ಮೇಷ್ಟ್ರ ಹೆಂಡತಿ ತಂಗಿಯ ಮನೆಗೋ ಕಣ್ಣಾಸ್ಪತ್ರೆಗೋ ಹೋದರೆ, ಇವಳು ಮೇಷ್ಟ್ರಿಗೆ ಊಟ ತಿನ್ನಿಸಿ, ಬೆನ್ನಿಗೆ ಪೌಡರ್ ಹಾಕಿ, ದಿಂಬು ಸರಿಪಡಿಸಿ ಪಕ್ಕದಲ್ಲಿ ಕೂರುತ್ತಿದ್ದಳು. ಆಮೇಲೆ ಅವರಿಬ್ಬರದೇ ಆದ ಒಂದು ಆಟ. ಮೇಷ್ಟ್ರು ಕಣ್ಣು ಮುಚ್ಚುವರು. ಇವಳು ತನ್ನ ಹಳೆಯ ರೂಟಿನ ನಿಲ್ದಾಣಗಳನ್ನು ಒಂದೊಂದಾಗಿ ಕೂಗುವಳು: "ಹಳೇ ಸೇತುವೆ! ನೀರಿನ ಟ್ಯಾಂಕು! ಹುಡ್ಗೀರ ಹೈಸ್ಕೂಲು!" ಮೇಷ್ಟ್ರು "ಇಲ್ಲಿ ಇಳೀತೀನಿ" ಎಂದರೆ ಬಸ್ಸು ನಿಲ್ಲಬೇಕು. ಇಳಿದವರು ಅಲ್ಲಿ ಏನು ಕಾಣುತ್ತಿದೆ ಎಂದು ವರ್ಣಿಸುವರು. ಗೋಡೆಯ ಮೇಲೆ ಬೆಕ್ಕು, ಪಂಕ್ಚರ್ ಅಂಗಡಿಯವನ ಕರಿ ಕೈ, ಸೇತುವೆಯ ಕೆಳಗಿನ ಹಸಿರು ನೀರು. ಒಮ್ಮೆ ಟ್ಯಾಂಕಿನ ಹತ್ತಿರ ಇಳಿದು ಅಲ್ಲೇ ನಿದ್ದೆ ಹೋದರು. "ಚಿಲ್ರೆ ಇಸ್ಕೊಳ್ದೇ ಇಳಿದ್ಬಿಟ್ರಲ್ಲ," ಎಂದು ಇವಳು ಹೊದಿಕೆ ಎಳೆದಳು.

ಒಂದು ಮಂಗಳವಾರ ಹೋದಾಗ ಬಾಗಿಲಿಗೆ ಬೀಗ. ಮೇಷ್ಟ್ರ ಹಾಸಿಗೆ ಕಾಂಪೌಂಡಿನ ಹೊರಗೆ, ಕಸದ ಗಾಡಿ ನಿಲ್ಲುವ ಕಡೆ, ಗೋಡೆಗೆ ಒರಗಿ ನಿಂತಿತ್ತು. ಅವರ ಮೈ ಒತ್ತಿ ಆಗಿದ್ದ ತಗ್ಗು ಅದರಲ್ಲಿ ಹಾಗೇ ಇತ್ತು.

ಪಕ್ಕದ ಮನೆಯಾಕೆ ಬಕೆಟ್ಟು ಕೆಳಗಿಟ್ಟು, "ಅಯ್ಯೋ, ನಿಮ್ಗೆ ಗೊತ್ತಿಲ್ವಾ? ಶುಕ್ರವಾರವೇ ಹೋಗ್ಬಿಟ್ರಲ್ಲಮ್ಮ. ಎಲ್ಲಾ ಮುಗೀತು. ಅವ್ರ ಹೆಂಡ್ತಿ ತಂಗಿ ಮನೇಲಿದ್ದಾರೆ," ಎಂದಳು.

ಸೀಟಿಯಕ್ಕ ಆ ಹಾಸಿಗೆಯ ಮುಂದೆ ನಿಂತಳು. ಚೀಲದಲ್ಲಿದ್ದ ಬಿಸ್ಕತ್ತು ಮೇಷ್ಟ್ರಿಗೆಂದೇ ತಂದದ್ದು. ಅಲ್ಲಿಂದ ನೇರ ಕಚೇರಿಗೆ ಹೋದಳು. ಕಾರ್ಯದರ್ಶಿ ಫೋನಿನಲ್ಲಿದ್ದ ಕಣ್ಣನ್ನು ಎತ್ತಲಿಲ್ಲ.

"ಓ, ಅವ್ರು ಹೋದ್ರಲ್ಲ. ಅವ್ರ ಮನೆಯವ್ರು ಫೋನ್ ಮಾಡಿದ್ರು. ನಿಮ್ಗೆ ಹೇಳ್ಬೇಕಿತ್ತು ಅಲ್ವಾ? ಕೆಲಸದ ಗಡಿಬಿಡೀಲಿ ಬಿಟ್ಟೋಯ್ತು. ಇರ್ಲಿ ಬಿಡಿ, ಒಂದು ರೀತೀಲಿ ಅನುಕೂಲ ಆಯ್ತು. ನಿಮ್ದು ಮಂಗಳವಾರ ಖಾಲಿ ಆಯ್ತು, ಇನ್ನೊಂದು ಮನೆ ಕಾಯ್ತಾ ಇದೆ."

ಕೆಟ್ಟು ನಿಂತ ಬಸ್ಸಿನಿಂದ ಪ್ಯಾಸೆಂಜರುಗಳನ್ನು ಇಳಿಸಿ ಹಿಂದಿನ ಬಸ್ಸಿಗೆ ಹತ್ತಿಸುವವನೂ ಒಂದು ಮಾತು "ಬೇಜಾರು ಮಾಡ್ಕೋಬೇಡಿ" ಎನ್ನುತ್ತಾನೆ. ಈತನಿಗೆ ಅಷ್ಟೂ ದುಬಾರಿಯಾಯಿತು. ಸೀಟಿಯಕ್ಕ ಬಿಸ್ಕತ್ತಿನ ಚೀಲ ಹಿಡಿದು ಮನೆಗೆ ಬಂದಳು.

ಅತ್ತೆ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸೊಸೆ ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅವಳಿಗೆ ತಿಳಿಯಿತು.

"ಯಾರು ಹೋದ್ರು?"

"ಮೇಷ್ಟ್ರು."

"ಕೂತ್ಕೋ. ಮೊದ್ಲಿಂದ ಹೇಳು."

"ಏನು ಹೇಳೋದು ಅತ್ತೆ, ಹೋದ್ರು ಅಷ್ಟೇ. ನಂಗೇನು ಅಣ್ಣನಾ ತಮ್ಮನಾ?"

"ಅಣ್ಣತಮ್ಮಂದಿರು ಸತ್ರೆ ಅಳೋಕೆ ಜನ ಇರ್ತಾರೆ. ಈ ಸಾವಲ್ಲಿ ನಿನ್ನ ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲ್ಲ, ಅದಕ್ಕೇ ಹೇಳು ಅಂದಿದ್ದು."

ಸೀಟಿಯಕ್ಕ ಹೇಳಿದಳು. ಬಸ್ಸಿನ ಆಟ, ಟ್ಯಾಂಕಿನ ಹತ್ತಿರದ ನಿದ್ದೆ, ಹಾಸಿಗೆಯ ತಗ್ಗು, ಎಲ್ಲ. ಅತ್ತೆ "ಪಾಪ" ಎನ್ನಲಿಲ್ಲ, "ಧೈರ್ಯ ತಗೋ" ಎನ್ನಲಿಲ್ಲ, ತನ್ನ ಕಾಲದ ಕಥೆ ನಡುವೆ ತೂರಿಸಲಿಲ್ಲ. ಬೆಳ್ಳುಳ್ಳಿ ಮುಗಿದ ಮೇಲೂ ಬರೀ ಸಿಪ್ಪೆಯನ್ನು ಕೆದಕುತ್ತ ಕೂತೇ ಇದ್ದಳು. ಹೇಳಿ ಮುಗಿದಾಗ ಸೊಸೆಗೆ ಹಸಿವಾಗಿತ್ತು.

ಇದಾದ ಸ್ವಲ್ಪ ಕಾಲಕ್ಕೆ ಸಂಘದಲ್ಲಿ "ಸ್ವಯಂಸೇವಕರ ಯೋಗಕ್ಷೇಮ ದಿನ" ಎಂಬ ಸಂಭ್ರಮ ನಡೆಯಿತು. ಅಧ್ಯಕ್ಷರ ಎದೆಯಲ್ಲಿ ಕರುಣೆ ಉಕ್ಕಿತೆಂದು ಯಾರೂ ತಪ್ಪು ತಿಳಿಯಬಾರದು. ದೊಡ್ಡ ದಾನಿಯೊಬ್ಬರು, ನಿಮ್ಮ ಸ್ವಯಂಸೇವಕರ ಯೋಗಕ್ಷೇಮಕ್ಕೆ ಏನು ಮಾಡುತ್ತೀರಿ ಎಂದು ಕೇಳಿದ್ದರು. ಏನಾದರೂ ಮಾಡಿದಂತೆ ಕಾಣಬೇಕಿತ್ತು. ಬಾಡಿಗೆಯ ಸಭಾಂಗಣ, ಬಣ್ಣದ ಬಲೂನು, ಟೋಪಿ ಹಾಕಿಕೊಂಡ ಒಬ್ಬ ನಗೆ ತರಬೇತುದಾರ, ಜೊತೆಗೆ ಒಬ್ಬ ಫೋಟೋಗ್ರಾಫರ್. ಪ್ರತಿಯೊಬ್ಬರಿಗೂ "ನೀವು ಅಮೂಲ್ಯ" ಎಂದು ಅಚ್ಚು ಹಾಕಿಸಿದ ಒಂದು ಕಪ್ಪು. ಬಿಸಿ ಟೀ ಹಾಕಿದ ಕೂಡಲೇ "ಅ" ಅಳಿಸಿಹೋಗಿ "ನೀವು ಮೂಲ್ಯ" ಆಗುವಂಥದ್ದು.

ಅಧ್ಯಕ್ಷರು ಭಾಷಣ ಮಾಡಿದರು. ತಾವು ದಣಿವೆಂದರೇನೆಂದೇ ಅರಿಯದವರು ಎಂದರು. ನಿಜವೇ, ಅವರು ಒಬ್ಬ ರೋಗಿಯನ್ನೂ ಮಗ್ಗುಲು ಹೊರಳಿಸಿದವರಲ್ಲ.

ತರಬೇತುದಾರ ಎದ್ದು, "ನಿಮ್ಮ ಒತ್ತಡವನ್ನೆಲ್ಲಾ ಬಲೂನಿಗೆ ಊದಿ! ಒಡೀರಿ! ಈಗ ಹೊಟ್ಟೆಯಿಂದ ನಗಿ! ಹ್ಹ ಹ್ಹ ಹ್ಹ! ಇನ್ನೂ ಜೋರು!" ಎಂದು ಕುಣಿದ. ಎಲ್ಲರೂ ನಕ್ಕರು. ಕರೆದು ಕೂರಿಸಿದ ಮೇಲೆ ನಗದಿದ್ದರೆ ಮರ್ಯಾದೆಯಲ್ಲ.

ಸೀಟಿಯಕ್ಕನ ಪಕ್ಕದಲ್ಲಿದ್ದವಳು ಟ್ಯೂಷನ್ ಮಿಸ್. ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ, ಮಾತು ಕಡಿಮೆಯ ಹೆಂಗಸು. ಅವಳು ಹೋಗುತ್ತಿದ್ದ ಮನೆಯಲ್ಲಿ ಒಬ್ಬ ಅಜ್ಜಿ. ಪ್ರತಿ ಸಲವೂ ಆ ಅಜ್ಜಿ ಇವಳ ಮಣಿಕಟ್ಟು ಹಿಡಿದು, "ಸಾಕಾಗಿದೆ ಮಗಳೇ, ಇನ್ನೂ ಯಾಕೆ ಇಟ್ಕೊಂಡಿದ್ದೀರಾ ನನ್ನ?" ಎಂದು ಕೇಳುತ್ತಿದ್ದಳು. ಏನು ಉತ್ತರ ಕೊಡಬೇಕೆಂದು ಟ್ಯೂಷನ್ ಮಿಸ್ ಕಾರ್ಯದರ್ಶಿಯನ್ನು ಕೇಳಿದ್ದಳಂತೆ. "ಪಾಸಿಟಿವ್ ಆಗಿ ಮಾತಾಡಿಸಿ" ಎಂದಿದ್ದನಂತೆ ಆ ಮಹಾನುಭಾವ.

ನಗುವಿನ ನಡುವೆ ಅವಳ ನಗು ಎಲ್ಲೋ ತಿರುವು ತೆಗೆದುಕೊಂಡಿತು. ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಅವಳು ಬಲೂನು ಕೈಯಲ್ಲಿ ಹಿಡಿದೇ ಬಿಕ್ಕಿ ಬಿಕ್ಕಿ ಅಳುತ್ತ ನೆಲಕ್ಕೆ ಕುಸಿದಳು. ತರಬೇತುದಾರ "ಸೂಪರ್! ಹೊರಗೆ ಬರ್ಲಿ, ಬರ್ಲಿ!" ಎಂದು ಚಪ್ಪಾಳೆ ತಟ್ಟಿದ. ಫೋಟೋಗ್ರಾಫರ್ ಮಂಡಿಯೂರಿ ಒಳ್ಳೆಯ ಕೋನ ಹುಡುಕಿದ. ಸೀಟಿಯಕ್ಕ ಅವಳನ್ನು ಎಬ್ಬಿಸಿ ಹೊರಗೆ ಕರೆದೊಯ್ಯುವಾಗ ಹಿಂದಿನಿಂದ ಮತ್ತೆ ಹ್ಹ ಹ್ಹ ಹ್ಹ ಶುರುವಾಗಿತ್ತು.

ಸಂಘದ ವಾರ್ಷಿಕ ವರದಿ ಅಚ್ಚಾಗಿ ಬಂತು. ಹೊಳೆಯುವ ಕಾಗದ. ನಡುವೆ ಒಂದಿಡೀ ಪುಟ ಟ್ಯೂಷನ್ ಮಿಸ್ಸಿನ ಮುಖ: ಕಣ್ಣು, ಮೂಗು ಎಲ್ಲ ಸುರಿಯುತ್ತಿರುವ, ಬಾಯಿ ತೆರೆದ ಮುಖ. ಕೆಳಗೆ ದಪ್ಪಕ್ಷರದಲ್ಲಿ: "ಸೇವೆಯಲ್ಲಿ ಧನ್ಯತೆ ಕಂಡವರ ಆನಂದಬಾಷ್ಪ."

ಸೀಟಿಯಕ್ಕ ಗಾಜಿನ ಕೋಣೆಯ ಬಾಗಿಲು ತಟ್ಟದೆ ಒಳಗೆ ಹೋದಳು.

"ಈ ಫೋಟೋ ತೆಗೆಸಿ."

ಅಧ್ಯಕ್ಷರು ನಕ್ಕರು. "ಕೂತ್ಕೊಳಮ್ಮ. ಎಂಥಾ ಭಾವನೆ ಇದೆ ನೋಡು ಅದ್ರಲ್ಲಿ! ದಾನಿಗಳು ಎಷ್ಟು ಮೆಚ್ಕೊಂಡ್ರು ಗೊತ್ತಾ?"

"ಅವ್ಳು ಸಂತೋಷಕ್ಕೆ ಅತ್ತಿದ್ದಲ್ಲ."

"ಯಾವ್ದಕ್ಕೆ ಅತ್ರೇನಮ್ಮ, ಅತ್ತಿದ್ದಂತೂ ನಮ್ಮ ಕಾರ್ಯಕ್ರಮದಲ್ಲೇ ತಾನೆ?"

"ಮೇಷ್ಟ್ರು ಸತ್ತಾಗ ನಂಗೊಂದು ಮಾತು ಹೇಳ್ಲಿಲ್ಲ ನೀವು. ಕಸದ ಗಾಡಿ ಹತ್ರ ಹಾಸಿಗೆ ನೋಡಿ ತಿಳ್ಕೊಂಡೆ. ಇವ್ಳು ಕೇಳಿದ ಪ್ರಶ್ನೆಗೆ ಉತ್ತರ ಕೊಡ್ಲಿಲ್ಲ. ಹೆಂಗಸ್ರನ್ನ ಒಂಟಿಯಾಗಿ ಭಾರದ ರೋಗಿಗಳ ಹತ್ರ ಕಳಿಸ್ತೀರ. ಇಷ್ಟೆಲ್ಲಾ ಆದ್ಮೇಲೆ ಬಲೂನು ಕೊಟ್ಟು ನಗಿ ಅಂತೀರ!"

ಅಧ್ಯಕ್ಷರ ನಗು ಮಾಸಿತು. "ಸೇವೆ ಮಾಡೋರು ತಮಗೇನು ಸಿಗುತ್ತೆ ಅಂತ ನೋಡ್ಬಾರ್ದು."

"ಬಸ್ಸಿಗೂ ಡಿಪೋ ಅಂತ ಇರುತ್ತೆ ಸಾರ್. ಎಂಜಿನ್ ತಣ್ಣಗಾಗ್ದೇ ಹೋದ್ರೆ ಅದು ಸೇವೆ ಮಾಡಲ್ಲ, ಹೊಗೆ ಬಿಡುತ್ತೆ."

"ಪ್ರತಿಗಳೆಲ್ಲಾ ಅಚ್ಚಾಗಿ ಬಂದಿದೆ. ಈಗ ಏನು ಮಾಡೋಕಾಗುತ್ತೆ?"

ಏನು ಮಾಡಬಹುದು ಎಂದು ಸೀಟಿಯಕ್ಕ ತೋರಿಸಿದಳು. ಕಾರಿಡಾರಿನಲ್ಲಿ ವರದಿಯ ಕಟ್ಟುಗಳನ್ನು ಪೇರಿಸಿಟ್ಟಿದ್ದರು. ಗಿಡ್ಡ ಕಾಲಿನ ಬೆಂಚಿನ ಮೇಲೆ ಕೂತು, ಒಂದೊಂದು ಪ್ರತಿಯಿಂದಲೂ ಆ ಹಾಳೆಯನ್ನು ಹರಿಯತೊಡಗಿದಳು. ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ಟಿಕೆಟು ಹರಿದ ಕೈ. ಪುಟ ನೀಟಾಗಿ, ಹೊಲಿಗೆಯ ಗುಂಟ, ಪರ್ ಎಂದು ಬರುತ್ತಿತ್ತು. ಕಾರ್ಯದರ್ಶಿ ಕೈ ಹಿಡಿಯಲು ಬಂದವನು ಅವಳ ಮುಖ ನೋಡಿ ಹಿಂದೆ ಸರಿದ. ಬೆಂಚಿನ ಮೇಲಿದ್ದ ಉಳಿದ ಸ್ವಯಂಸೇವಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಂದೊಂದು ಕಟ್ಟು ಬಿಚ್ಚಿ ತಾವೂ ಹರಿಯಲು ಕೂತರು. ಆ ಹಾಳೆಯ ಹಿಂಬದಿಯಲ್ಲಿ "ಅಧ್ಯಕ್ಷರ ನುಡಿ" ಇತ್ತೆಂದು ತಿಳಿದದ್ದು ಎಲ್ಲ ಮುಗಿದ ಮೇಲೆ. ಯಾರಿಗೂ ಅಷ್ಟೇನೂ ದುಃಖವಾಗಲಿಲ್ಲ.

"ನಿಮ್ಮ ಸೇವೆ ಇನ್ನು ಸಾಕು," ಎಂದರು ಅಧ್ಯಕ್ಷರು. ಬಿಟ್ಟಿ ಕೆಲಸದಿಂದಲೂ ವಜಾ ಮಾಡಿಸಿಕೊಂಡ ಕೀರ್ತಿ ಸೀಟಿಯಕ್ಕನದಾಯಿತು.

ಮರುದಿನ ಅವಳು ಟ್ಯೂಷನ್ ಮಿಸ್ಸನ್ನು ಮನೆಗೆ ಕರೆತಂದು ಅತ್ತೆಯ ಮುಂದೆ ಕೂರಿಸಿದಳು. "ಇವ್ರಿಗೆ ಹೇಳು. ಇವ್ರು ಉಪದೇಶ ಮಾಡಲ್ಲ, ಅಷ್ಟು ಒಳ್ಳೇತನ ಇಲ್ಲ ಇವ್ರಿಗೆ."

ಟ್ಯೂಷನ್ ಮಿಸ್ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. ಆಮೇಲೆ ಅಜ್ಜಿಯ ಮಾತು, ಅಜ್ಜಿಯ ಹಿಡಿತ, ರಾತ್ರಿ ಮಲಗಿದರೂ ಮಣಿಕಟ್ಟಿನಲ್ಲಿ ಆ ಬೆರಳು ಇದ್ದಂತೆಯೇ ಅನಿಸುವುದು, ಎಲ್ಲ ಹೇಳಿದಳು. ಕೊನೆಗೆ, "ನಾನು ಹೋಗ್ದೇ ಇದ್ರೆ ಅಜ್ಜಿ ಏನಾಗ್ತಾರೆ ಅಂತ," ಎಂದಳು.

"ನೀನು ಹೋದ್ರೆ ನೀನೇನಾಗ್ತೀಯ?" ಎಂದಳು ಅತ್ತೆ. "ಸದ್ಯಕ್ಕೆ ಹೋಗ್ಬೇಡ."

"ಹೋಗ್ಬೇಡ ಅಂತೀರಾ?"

"ಹ್ಞೂಂ. ನನ್ನ ಮಗ ಮಲಗಿದ್ದಾಗ ಇವ್ಳು ಒಂದಿನ ಗೋಡೆಗೆ ತಲೆ ಚಚ್ಕೊಂಡ್ಳು. ಅವತ್ತು ಅಟ್ಟಿದೆ ಹೊರಗೆ. ಸಿನಿಮಾ ನೋಡ್ಕೊಂಡು ಬಾ ಅಂದೆ. ಬೈಕೊಂಡೇ ಹೋದ್ಳು, ಎರಡೆರಡು ನೋಡ್ಕೊಂಡು ಬಂದ್ಳು."

ಟ್ಯೂಷನ್ ಮಿಸ್ ಅಂದು ಅತ್ತದ್ದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಶುರುಮಾಡಿ, ಮುಂದುವರಿಸಿ, ಇನ್ನಷ್ಟು ಕೊಡಿ ಎನ್ನಲು ಆ ಸಂಘದಲ್ಲಿ ನೂರು ಮಾತಿದ್ದವು. ನಿಲ್ಲಿಸು ಎನ್ನಲು ಒಂದೂ ಇರಲಿಲ್ಲ. ಅದನ್ನು ಹೇಳಲು ಬೆಳ್ಳುಳ್ಳಿ ಸುಲಿಯುವ ಒಬ್ಬ ಮುದುಕಿ ಬೇಕಾಯಿತು. ಅಜ್ಜಿಯ ಮನೆಗೆ ಸ್ವಯಂಸೇವಕರಲ್ಲೇ ಬೇರೆ ಇಬ್ಬರು ಜೊತೆಯಾಗಿ ಹೋಗತೊಡಗಿದರು. ಅಜ್ಜಿ ಅವರನ್ನೂ ಅದೇ ಪ್ರಶ್ನೆ ಕೇಳಿದಳು. ಹಿಂದಿರುಗುವಾಗ ದಾರಿಯುದ್ದಕ್ಕೂ ಅದನ್ನು ಹಂಚಿಕೊಳ್ಳಲು ಅವರಿಗೆ ಒಬ್ಬರಿಗೊಬ್ಬರು ಇದ್ದರು.

ಹೀಗೆ ಶನಿವಾರ ಶನಿವಾರ ಸೀಟಿಯಕ್ಕನ ಪಡಸಾಲೆ ತುಂಬತೊಡಗಿತು. ಯಾರೂ ಕರೆದದ್ದಲ್ಲ. ಚಾಪೆ ಮೇಲೆ ಕೂರುವರು, ಮಂಡಿ ನೋವಿನವರು ಕುರ್ಚಿ ಹಿಡಿಯುವರು. ಹೇಳುವುದಿದ್ದವರು ಹೇಳುವರು, ಇಲ್ಲದವರು ಟೀ ಕುಡಿದು ಹೋಗುವರು. ಉಪದೇಶ ಶುರು ಮಾಡಿದವರಿಗೆ ಅತ್ತೆ ಒಂದು ಬುಟ್ಟಿ ಬೆಳ್ಳುಳ್ಳಿ ಕೊಟ್ಟು ಬಾಯಿ ಮುಚ್ಚಿಸುವಳು. ತಾವು ನೋಡಿಕೊಳ್ಳುತ್ತಿದ್ದ ರೋಗಿ ತೀರಿಕೊಂಡರೆ ಕೂಡಲೇ ಬೇರೆ ಮನೆ ಹಿಡಿಯಬಾರದು ಎಂದು ತಮ್ಮಲ್ಲೇ ಕಟ್ಟು ಮಾಡಿಕೊಂಡರು. ಯಾರಾದರೂ ಹೊರಡುವ ಮುನ್ನ ರೋಗಿಯ ಮನೆಗೆ ಫೋನು ಮಾಡಿ, ಸುದ್ದಿ ಕೇಳಿ, ಹೋಗುವವರಿಗೆ ತಿಳಿಸುವ ಕೆಲಸವನ್ನು ಟ್ಯೂಷನ್ ಮಿಸ್ ತಾನಾಗಿ ಕೇಳಿ ವಹಿಸಿಕೊಂಡಳು.

ಸಂಘದ ಬೆಂಚು ಖಾಲಿಯಾದದ್ದು ಅಧ್ಯಕ್ಷರ ಗಮನಕ್ಕೆ ಬಂತು. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ಇವರು ಬ್ಯಾನರ್ ಮಾಡಿಸಿದರು. ಒಂದು ಶನಿವಾರ ಕಾರ್ಯದರ್ಶಿ, ಫೋಟೋಗ್ರಾಫರ್ ಸಮೇತ ಸೀಟಿಯಕ್ಕನ ಮನೆಗೆ ಬಂದಿಳಿದರು. ಬ್ಯಾನರಿನಲ್ಲಿ "ಅಧ್ಯಕ್ಷರ ಆಪ್ತ ಸಮಾಲೋಚನಾ ಯೋಜನೆ: ಉದ್ಘಾಟನೆ" ಎಂದಿತ್ತು.

ಅತ್ತೆ ಕನ್ನಡಕ ಏರಿಸಿ ಓದಿ, "ನಮ್ಮನೆ ಕಟ್ಟಿ ಎಷ್ಟೋ ಕಾಲ ಆಯ್ತಲ್ಲಪ್ಪ. ಈಗ ಏನು ಉದ್ಘಾಟನೆ?" ಎಂದಳು.

"ಇವ್ರೆಲ್ಲಾ ನಮ್ಮ ಸ್ವಯಂಸೇವಕರು ತಾಯಿ," ಎಂದರು ಅಧ್ಯಕ್ಷರು.

"ನಿಮ್ಮವ್ರಾ? ಹಾಗಾದ್ರೆ ಇವ್ರಲ್ಲಿ ಒಬ್ರ ಹೆಸ್ರು ಹೇಳಿ ನೋಡೋಣ."

ಅಧ್ಯಕ್ಷರು ಪಡಸಾಲೆಯ ಮುಖಗಳನ್ನು ಒಂದು ಸುತ್ತು ನೋಡಿದರು. ಕಾರ್ಯದರ್ಶಿಯ ಕಡೆ ನೋಡಿದರು. ಕಾರ್ಯದರ್ಶಿ ಬ್ಯಾನರಿನ ಕಡೆ ನೋಡಿದ. ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ. ಟ್ಯೂಷನ್ ಮಿಸ್ ಎದ್ದು ಬಂದು ಅದರ ಕಣ್ಣಿಗೆ ಅಂಗೈ ಅಡ್ಡ ಇಟ್ಟಳು. ಆತ ಕ್ಯಾಮೆರಾ ಕೆಳಗಿಳಿಸಿದ.

"ಟೀ ಬೇಕಿದ್ರೆ ಕೂತ್ಕೊಳ್ಳಿ," ಎಂದಳು ಸೀಟಿಯಕ್ಕ. "ಕೂತ್ರೆ ಕೇಳ್ಬೇಕು. ಮಾತಾಡೋ ಹಾಗಿಲ್ಲ."

ಅಧ್ಯಕ್ಷರು ಕೂತರು, ಹೊರಟುಹೋದರೆ ಸೋತಂತಾಗುತ್ತಿತ್ತು. ಒಬ್ಬಾತ ತಾನು ನೋಡಿಕೊಳ್ಳುತ್ತಿದ್ದ ಮಗುವಿನ ಬಗ್ಗೆ ಹೇಳುತ್ತಿದ್ದ. ಅರ್ಧಕ್ಕೆ ಬರುವ ಹೊತ್ತಿಗೆ ದಣಿವೆಂದರೇನೆಂದು ಅರಿಯದ ಅಧ್ಯಕ್ಷರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಯಾರೂ ಎಬ್ಬಿಸಲಿಲ್ಲ. ಅವರ ಫೋಟೋವನ್ನೂ ಯಾರೂ ತೆಗೆಯಲಿಲ್ಲ. ಅಷ್ಟು ಮರ್ಯಾದೆ ಆ ಪಡಸಾಲೆಗಿತ್ತು.

ಆಮೇಲೆ ಏನಾಯಿತೆಂದರೆ, ಇಂಥವರಿಗೆ ಆಗುವುದೇ ಆಯಿತು. ಸ್ವಯಂಸೇವಕರ ಯೋಗಕ್ಷೇಮಕ್ಕೆ ಮಾದರಿ ಯೋಜನೆ ರೂಪಿಸಿದ್ದಕ್ಕೆ ಅಧ್ಯಕ್ಷರಿಗೆ ಪ್ರಶಸ್ತಿ ಬಂತು. ಸ್ವಂತ ಚಿಂತನೆಯ ಫಲ ಎಂದು ಅವರು ಪತ್ರಿಕೆಗೆ ಹೇಳಿಕೆ ಕೊಟ್ಟರು. ಪ್ರಶಸ್ತಿ ಬಂದ ಮೇಲೆ ಯೋಜನೆ ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲವಾದ್ದರಿಂದ, ಇಬ್ಬಿಬ್ಬರಾಗಿ ಹೋಗುವುದು, ಸಾವಾದರೆ ಅಂದೇ ತಿಳಿಸುವುದು, ಬೇಕಾದವರಿಗೆ ಬಿಡುವು ಕೊಡುವುದು, ಎಲ್ಲ ಸಂಘದ ನಿಯಮವಾಯಿತು. ಶೌಚಾಲಯದ ಬೀಗವೂ ಹೋಯಿತು. ಕದ್ದ ಮಾಲಾದರೂ ಜನಕ್ಕೆ ಸಿಕ್ಕಿತಲ್ಲ ಎಂದು ಸೀಟಿಯಕ್ಕ ಸುಮ್ಮನಾದಳು. ಅವಳ ವಜಾ ಆದೇಶವನ್ನು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ಅವಳು ರೋಗಿಗಳ ಮನೆಗೆ ಹೋಗುವುದನ್ನೂ ಯಾರೂ ತಡೆಯಲಿಲ್ಲ.

ಪ್ರಶಸ್ತಿ ಪ್ರದಾನದ ದಿನ ವೇದಿಕೆಯ ಹಿಂದೆ ಸಾಲಾಗಿ ನಿಲ್ಲಲು ಸ್ವಯಂಸೇವಕರು ಬೇಕಾಗಿದ್ದರು. ಕಾರ್ಯದರ್ಶಿ ಖುದ್ದಾಗಿ ಕರೆಯಲು ಬಂದ. ಹಿಂದಿನ ದಿನವೆಲ್ಲ ಒಬ್ಬ ಭಾರೀ ಮೈಯ ರೋಗಿಯ ಪಕ್ಕದಲ್ಲಿದ್ದು ಬಂದಿದ್ದ ಸೀಟಿಯಕ್ಕ ಒಳಗೆ ಫ್ಯಾನಿನ ಕೆಳಗೆ ಮಲಗಿದ್ದಳು. ಬಾಗಿಲಲ್ಲಿ ಅತ್ತೆ ಕೋಲು ಅಡ್ಡ ಇಟ್ಟುಕೊಂಡು ಕೂತಿದ್ದಳು.

"ಸ್ವಲ್ಪ ಎಬ್ಬಿಸ್ತೀರಾ ಅಮ್ಮ? ದೊಡ್ಡ ಕಾರ್ಯಕ್ರಮ. ಇವ್ರ ಯೋಗಕ್ಷೇಮದ್ದೇ."

"ಮೆಲ್ಲಗೆ ಮಾತಾಡು," ಎಂದಳು ಮುದುಕಿ. "ಅದನ್ನೇ ಮಾಡ್ತಾ ಇದ್ದಾಳೆ ಅವ್ಳು."